ಗೋಧಿ ಆಗದವರು ಗ್ರೂಪ್ ಸೈಕಲ್ ಟೂರ್‌ಗೆ ಹೋಗಬಹುದಾ?

ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಇದೆ, ಗೋಧಿ ಮುಟ್ಟುವ ಹಾಗಿಲ್ಲ, ಮೈಸೂರಿನಿಂದ ಊಟಿಗೆ ಗ್ರೂಪ್ ಜೊತೆ ಸೈಕಲ್‌ನಲ್ಲಿ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಇಡ್ಲಿ, ಅನ್ನ, ಮೊಸರು ದಾರಿಯುದ್ದಕ್ಕೂ ಸಿಗುತ್ತದೆ.

ಜಾಸ್ತಿ ಜನ ಮರೆಯುವುದು ಇಂಗನ್ನು. ಅಂಗಡಿಯ ಡಬ್ಬಿ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅದು ಸಾಂಬಾರ್, ಸಾರು, ಚಟ್ನಿಯ ಒಗ್ಗರಣೆ, ಉಪ್ಪಿನಕಾಯಿ ಎಲ್ಲದಕ್ಕೂ ಬೀಳುತ್ತದೆ, ಅಲ್ವಾ? ರವೆ ಇಡ್ಲಿ, ರವೆ ದೋಸೆ ಬೇಡವೇ ಬೇಡ. ದೋಸೆ ಕಾವಲಿಯ ಮೇಲೆ ಚಪಾತಿಯನ್ನೂ ಬೇಯಿಸುತ್ತಾರಾ ಅಂತ ಕೇಳಿ.

ಟೂರ್‌ಗೆ ಹೆಸರು ಕೊಡುವ ಫಾರಂನಲ್ಲಿ ಸುಮ್ನೆ ‘ಅಲರ್ಜಿ’ ಅಂತ ಬರೆದರೆ ಸಾಲದು. ‘ಗೋಧಿ, ಮೈದಾ, ರವೆ, ಶಾವಿಗೆ, ಡಬ್ಬಿ ಇಂಗು ಬೇಡ’ ಅಂತ ಬಿಡಿಸಿ ಬರೆಯಿರಿ. ಹಿಂದಿನ ರಾತ್ರಿಯೇ ಅಡುಗೆಯವರನ್ನು ಕಂಡು ಮಾತಾಡಿ. ನಾನು ಕಂಡಂತೆ ಅವರು ಪ್ರೀತಿಯಿಂದ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ.

ಊಟಿಗೆ ಮಸಿನಗುಡಿ ಕಡೆಯಿಂದ ಹತ್ತುವುದಾದರೆ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಹೊಟ್ಟೆ ಖಾಲಿ ಇದ್ದರೆ ಕಾಲೇ ಓಡುವುದಿಲ್ಲ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಬಾಳೆಹಣ್ಣು, ಖರ್ಜೂರ, ಕಡಲೆಕಾಯಿ ಚಿಕ್ಕಿ ಜೇಬಲ್ಲಿರಲಿ. ಉಳಿದದ್ದನ್ನು ಹೆಸರು ಬರೆದ ಡಬ್ಬಿಯಲ್ಲಿ ಗ್ರೂಪ್ ಜೊತೆ ಬರುವ ಸಪೋರ್ಟ್ ಗಾಡಿಗೆ ಕೊಡಿ.