ಕುಡಿಯದವರಿಗೂ ಲಿವರ್ ಕ್ಯಾನ್ಸರ್ ಬರುತ್ತದೆ, ಆದರೆ ಜೀನ್ ಟೆಸ್ಟ್‌ಗೆ ಓಡಬೇಡಿ
ಅಪ್ಪ ಕುಡಿಯದೇ ಲಿವರ್ ಕ್ಯಾನ್ಸರ್‌ನಿಂದ ಹೋದರು, ನಿಮಗೆ 38ಕ್ಕೇ ಫ್ಯಾಟಿ ಲಿವರ್ ಅಂದಿದ್ದಾರೆ, ಜೀನ್ ಟೆಸ್ಟ್ ಮಾಡಿಸಲಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ನಡೆದದ್ದೂ ಇದೇ.

ನಮ್ಮದು ಗಂಗಾವತಿ ಕಡೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಣ್ಣ ಆಳು, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಶುಗರ್ ಇತ್ತು. ಒಂದು ಮಳೆಗಾಲ ಜ್ವರ ಬಂತು, ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 98 ಸಾವಿರ. ಓಣಿಯಲ್ಲೆಲ್ಲ ಡೆಂಗಿ ಇತ್ತು, ಇದೂ ಅದೇ ಅಂದುಕೊಂಡೆವು. ಅವ್ವ ಪಪ್ಪಾಯಿ ಎಲೆ ಅರೆದು ರಸ ಕುಡಿಸಿದಳು. ಜ್ವರ ಬಿಟ್ಟಿತು. ಮತ್ತೆ ಪ್ಲೇಟ್‌ಲೆಟ್ ನೋಡಿಸಲೇ ಇಲ್ಲ.

ನಾವು ಎಡವಿದ್ದು ಅಲ್ಲೇ. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಜ್ವರ ಬಿಟ್ಟ ಕೆಲವು ದಿನಗಳಲ್ಲಿ ಏರಬೇಕು. ಅಪ್ಪನದು ಜ್ವರಕ್ಕಿಂತ ಮೊದಲೇ ಕಡಿಮೆ ಇತ್ತು, ಹಳೇ ಶುಗರ್ ಫೈಲಿನಲ್ಲೇ ಇತ್ತು, ಯಾರೂ ತೆಗೆದು ನೋಡಲಿಲ್ಲ. ಕುಡಿಯದಿದ್ದರೂ ಕೊಬ್ಬು ಸೇರಿ ಲಿವರ್ ಗಾಯವಾಗಿ ಗಟ್ಟಿಯಾಗಬಹುದು, ಹಾಗಾದರೆ ಅದರೊಳಗೆ ರಕ್ತ ಸಲೀಸಾಗಿ ಹರಿಯುವುದಿಲ್ಲ. ಒತ್ತಡ ಹಿಂದಕ್ಕೆ ಬಿದ್ದು ಗುಲ್ಮ (ಸ್ಪ್ಲೀನ್) ಊದುತ್ತದೆ. ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಜ್ವರದ ರಿಪೋರ್ಟಿನಲ್ಲೇ ಲಿವರ್ ಕಿಣ್ವಗಳಾದ ಎಸ್‌ಜಿಒಟಿ 62, ಎಸ್‌ಜಿಪಿಟಿ 45 ಇತ್ತು, ವಯಸ್ಸು 58. ಈ ನಾಲ್ಕೇ ಅಂಕಿ ಸಾಕು, ಲಿವರ್ ಎಷ್ಟು ಗಾಯವಾಗಿರಬಹುದು ಅಂತ ಅಂದಾಜು ಕೊಡುವ ಫಿಬ್-4 ಅನ್ನುವ ಲೆಕ್ಕ ಬರುತ್ತದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಎಷ್ಟು ಸಾವಿರವೋ ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 1.3ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಭಯವಿಲ್ಲ, 2.67 ದಾಟಿದರೆ ತಡಮಾಡಬಾರದು. ಅಪ್ಪನದು ಸುಮಾರು 5.5. ಹೊಟ್ಟೆಯಲ್ಲಿ ನೀರು ತುಂಬಿ ಬಳ್ಳಾರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಲಿವರ್‌ನ ಕ್ಯಾನ್ಸರ್ ಗಡ್ಡೆ ಆಪರೇಷನ್ ಹಂತ ದಾಟಿತ್ತು.

ಇನ್ನು ಜೀನ್ ವಿಷಯ. ಅದು ಸುಳ್ಳಲ್ಲ. ಪಿಎನ್‌ಪಿಎಲ್‌ಎ3 ಅನ್ನುವ ಜೀನ್‌ನ ಒಂದು ಬದಲಾವಣೆ ಇದ್ದವರ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಸೇರುತ್ತದೆ ಅಂತ 2008ರಲ್ಲಿ ಅಮೆರಿಕದ ಡಲ್ಲಾಸ್‌ನ ಅಧ್ಯಯನದಲ್ಲಿ ಗೊತ್ತಾಯಿತು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎರಡೂ ಬಂದವರಿಗೆ ಸಿರೋಸಿಸ್ (ಲಿವರ್ ಗಾಯವಾಗಿ ಗಟ್ಟಿಯಾಗುವುದು), ಕ್ಯಾನ್ಸರ್ ಎರಡರ ಅಪಾಯವೂ ಹೆಚ್ಚು. ನನ್ನ ತಮ್ಮ ಹಟ ಹಿಡಿದು ಟೆಸ್ಟ್ ಮಾಡಿಸಿದ. ಎರಡೂ ಇವೆ ಅಂತ ಬಂತು. ಅಂದರೆ ಒಂದು ಅವ್ವನ ಕಡೆಯಿಂದಲೇ ಬಂದಿರಬೇಕು ಅಲ್ವಾ? ಅವ್ವನ ಲಿವರ್ ಇವತ್ತಿಗೂ ಚೆನ್ನಾಗಿದೆ. ಈ ಜೀನ್ ಜೊತೆಗೆ ಬೊಜ್ಜು, ಶುಗರ್, ಕುಡಿತ ಸೇರಿದಾಗಲೇ ಅದರ ಕಾಟ ಜಾಸ್ತಿ. ರಿಪೋರ್ಟ್ ನೋಡಿ ಡಾಕ್ಟರ್ ತಮ್ಮನಿಗೆ ಹೇಳಿದ್ದು ಟೆಸ್ಟ್‌ಗೆ ಮುಂಚೆ ಹೇಳಿದ್ದನ್ನೇ: ತೂಕ ಇಳಿಸು, ಶುಗರ್ ಹದ್ದುಬಸ್ತಿನಲ್ಲಿಡು, ಕುಡಿಯಬೇಡ.

ಅದಕ್ಕೇ ಹೇಳುತ್ತೇನೆ, ಆ ದುಡ್ಡು ಉಳಿಸಿ ಫೈಬ್ರೋಸ್ಕ್ಯಾನ್ ಮಾಡಿಸಿ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅದು ತೋರಿಸುತ್ತದೆ. ಸಿರೋಸಿಸ್ ಅಂತ ಬಂದರೆ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬೇಡಿ, ಗಡ್ಡೆ ಚಿಕ್ಕದಿದ್ದಾಗ ಸಿಕ್ಕರೆ ತೆಗೆಯಬಹುದು. ದಪ್ಪ ಇದ್ದರೆ ತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿ, ಲಿವರ್ ಸುಧಾರಿಸುತ್ತದೆ. ಸಂಜೆ ಮಿರ್ಚಿ ಬಜ್ಜಿಯೂ ಸಾಕು ಮಾಡಿ. ಬೂಷ್ಟು ಹಿಡಿದ ಶೇಂಗಾ ಹುರಿದರೂ ತಿನ್ನಬೇಡಿ, ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ, ಅದೂ ಲಿವರ್ ಕ್ಯಾನ್ಸರ್ ತರುತ್ತದೆ.

ಇನ್ನೊಂದು, ನಿಮ್ಮ ಅಪ್ಪನಿಗೆ ಹೆಪಟೈಟಿಸ್ ಬಿ ಇತ್ತಾ ಅಂತ ನೀವು ಬರೆದೇ ಇಲ್ಲ. ಎಷ್ಟೋ ಮನೆಗಳಲ್ಲಿ ವಂಶದ ಕಾಯಿಲೆ ಅಂದುಕೊಂಡಿರುವುದು ಈ ವೈರಸ್. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ, ಹೀಗೆ ಅಣ್ಣತಮ್ಮಂದಿರಿಗೆಲ್ಲ ಇರಬಹುದು. ನೀವು, ಒಡಹುಟ್ಟಿದವರು, ಅಮ್ಮ ಎಲ್ಲರೂ ಎಚ್‌ಬಿಎಸ್‌ಎಜಿ ರಕ್ತ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದರೆ ಔಷಧಿ ಇದೆ. ನೆಗೆಟಿವ್ ಬಂದು ಮೊದಲು ಲಸಿಕೆ ಆಗಿಲ್ಲದಿದ್ದರೆ ಈಗಲೇ ಹಾಕಿಸಿಕೊಳ್ಳಿ.