ನಿಮ್ಮ ಲೇಖನ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ನೀವು ಕಳಿಸಿದ ‘ಬಚ್ಚಲ ಟೈಲ್ಸ್‌ಗೆ ಹೊಸ ಗ್ರೌಟ್’ ಲೇಖನವನ್ನು ಎರಡು ಸಲ ಓದಿದೆ. ಶಿವಮೊಗ್ಗದ ನಿಮ್ಮ ಹಳೆ ಮನೆ. ಬಚ್ಚಲ ನೆಲದ ಟೈಲ್ಸ್ ಸಂದಿಗೆ ತುಂಬಿದ್ದ ಸಿಮೆಂಟ್ ಮಿಶ್ರಣ, ಅಂದರೆ ಗ್ರೌಟ್, ಕಪ್ಪಾಗಿ, ಪುಡಿಪುಡಿಯಾಗಿ ಎದ್ದು ಬರುತ್ತಿತ್ತು. ಸಣ್ಣ ಕೆಲಸ ಎಂದು ಯಾವ ಮೇಸ್ತ್ರಿಯೂ ಬರಲಿಲ್ಲ. ಕೊನೆಗೆ ನೀವೇ ಕೂತು ಹಳೆಯದನ್ನು ಕೆರೆದು ಹೊಸದು ತುಂಬಿದಿರಿ. ಬೇರೆಯವರೂ ಮಾಡಿಕೊಳ್ಳಲಿ ಎಂದು ಎಂಟು ಪುಟ ಬರೆದಿರಿ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ ಉದ್ದವಾಗಿದೆ.

ಮೊದಲು ಆರನೇ ಪುಟದ ಎರಡು ಸಾಲು. ‘ಹಳೆ ಗ್ರೌಟ್ ಮೆತ್ತಗಾಗಲು ಆಸಿಡ್ ಸುರಿಯಿರಿ. ನಂತರ ಪಾಚಿ ಹೋಗಲು ಬ್ಲೀಚಿಂಗ್ ಪೌಡರ್ ನೀರು ಹಾಕಿ ಉಜ್ಜಿರಿ.’ ಇದನ್ನು ಓದಿ ನನಗೆ ನಿಜಕ್ಕೂ ಭಯವಾಯಿತು. ಬಚ್ಚಲಿಗೆ ಹಾಕುವ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಸಿಡ್. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಆ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ನೆಲ ಕೆರೆಯುವವರು ಎಲ್ಲಿರುತ್ತಾರೆ? ನೆಲದ ಮೇಲೇ ಕುಕ್ಕರುಗಾಲಲ್ಲಿ ಕೂತಿರುತ್ತಾರೆ, ಮುಖ ಕೆಳಗೆ. ನಮ್ಮ ಬಚ್ಚಲುಗಳಲ್ಲಿ ಒಂದು ಸಣ್ಣ ವೆಂಟಿಲೇಟರ್ ಬಿಟ್ಟರೆ ಗಾಳಿಗೆ ಬೇರೆ ದಾರಿ ಇಲ್ಲ. ಇದರಿಂದ ಜೀವವೇ ಹೋಗಬಹುದು.

ಆಸಿಡ್ ಒಂದನ್ನೇ ಹಾಕಿದರೂ ಅದು ಸಂದಿನಲ್ಲಿ ನಿಲ್ಲುವುದಿಲ್ಲ. ಟೈಲ್ಸ್ ಅಡಿಗೆ ಇಳಿದು ಕೆಳಗಿನ ಗಾರೆಯನ್ನೂ ತಿನ್ನುತ್ತದೆ. ನಲ್ಲಿಯ ಹೊಳಪು ಹೋಗುತ್ತದೆ. ಬೋರ್ ನೀರಿನ ಬಿಳಿ ಕಲೆ ಹೋಗಲಿ ಎಂದು ತಿಂಗಳಿಗೊಮ್ಮೆ ಆಸಿಡ್ ಹಾಕಿ ತೊಳೆಯುವ ಮನೆಗಳಲ್ಲಿ ಗ್ರೌಟ್ ಅಷ್ಟು ಬೇಗ ಹಾಳಾಗಲು ಇದೂ ಒಂದು ಕಾರಣ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಪ್ರಶ್ನೆ. ನೀವು ಆಸಿಡ್ ಬಳಸಲೇ ಇಲ್ಲ, ಅಲ್ವಾ? ನಾಲ್ಕನೇ ಪುಟದಲ್ಲಿ ನೀವು ಕೆರೆದದ್ದು ಹ್ಯಾಕ್ಸಾ ಬ್ಲೇಡಿನಲ್ಲಿ. ಹಾಗಾದರೆ ಈ ಸಾಲು ಎಲ್ಲಿಂದ ಬಂತು? ಎಲ್ಲೋ ಓದಿರಬೇಕು, ಇಲ್ಲ ಯಾರೋ ಹೇಳಿರಬೇಕು. ಲೇಖನ ತುಂಬಿದ ಹಾಗೆ ಕಾಣಲಿ ಎಂದು ಸೇರಿಸಿದ್ದೀರಿ. ಕಥೆಯಲ್ಲಿ ತಪ್ಪು ಸಾಲು ಬಂದರೆ ಓದುಗರು ಮುಖ ಸಿಂಡರಿಸಿ ಮುಂದೆ ಹೋಗುತ್ತಾರೆ. ಇಂಥ ಬರಹದಲ್ಲಿ ಅವರು ನಿಮ್ಮ ಮಾತು ನಂಬಿ ಕೈ ಹಾಕುತ್ತಾರೆ. ಮಾಡದೇ ಇರುವುದನ್ನು ‘ಮಾಡಿ’ ಎಂದು ಬರೆಯಬೇಡಿ.

ಮೊದಲ ಮೂರು ಪುಟ ತೆಗೆದುಬಿಡಿ. ಹರಪ್ಪದ ಇಟ್ಟಿಗೆ, ಬಾಸೆಲ್ ಮಿಷನ್‌ನವರ ಮಂಗಳೂರು ಹೆಂಚು, ಎಲ್ಲ ಬಂದಿವೆ. ಮಂಗಳೂರು ಹೆಂಚು ಛಾವಣಿಗೆ ಹೊದಿಸುವುದು. ನಿಮ್ಮ ಬಚ್ಚಲ ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕನೇ ಪುಟಕ್ಕೆ ಬಂದಾಗ ನಾನು ಪೆನ್ ಕೆಳಗಿಟ್ಟೆ. ‘ಮುರಿದ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಹಳೆ ಪಂಚೆಯ ತುಂಡು ಸುತ್ತಿ ಹಿಡಿದೆ. ಮೊದಲ ದಿನ ನಾಲ್ಕು ಟೈಲ್ಸ್ ಸುತ್ತ ಮಾತ್ರ ಆಯಿತು. ಸಂಜೆ ಅನ್ನ ಕಲಸಲು ಬೆರಳು ಮಡಚಲಿಲ್ಲ.’ ಇದು ಲೇಖನ. ಇಲ್ಲಿಂದಲೇ ಶುರು ಮಾಡಿ. ಹಳೆ ಗ್ರೌಟ್ ತೆಗೆಯುವುದೇ ಈ ಕೆಲಸದ ದೊಡ್ಡ ಪಾಲು, ತುಂಬುವುದು ಅದರ ಮುಂದೆ ಚಿಕ್ಕದು. ಬೆರಳು ಮಡಚದ ಆ ಸಂಜೆಯಿಂದ ಓದುಗರಿಗೆ ಅದು ಒಂದೇ ಸಾಲಿಗೆ ತಿಳಿಯುತ್ತದೆ.

ಆದರೆ ಮುಂದಿನ ಪ್ಯಾರಾದಲ್ಲೇ ‘ಹಳೆಯ ಗ್ರೌಟ್ ಸಂಪೂರ್ಣವಾಗಿ ನಿರ್ಮೂಲನಗೊಳಿಸಲ್ಪಡಬೇಕು’ ಎಂದು ಬರೆದಿದ್ದೀರಿ. ಬ್ಲೇಡ್ ಹಿಡಿದ ಮನುಷ್ಯ ಎಲ್ಲಿ ಹೋದ? ಈ ಕೆಲಸಕ್ಕೆ ನಮ್ಮಲ್ಲಿ ಎಷ್ಟು ಒಳ್ಳೆಯ ಮಾತುಗಳಿವೆ ನೋಡಿ. ಮೇಲಿನ ಕಪ್ಪು ಪದರ ಹೆರೆಯುವುದು, ಸಂದನ್ನು ಕೆರೆಯುವುದು, ಸಡಿಲವಾದ ತುಂಡು ಕೀಳುವುದು, ಪುಡಿ ಗುಡಿಸುವುದು. ಬ್ಲೇಡ್ ಜಾರಿದರೆ ಟೈಲ್ಸ್ ಮೇಲೆ ಗೀರು. ಒಂದೊಂದೂ ಬೇರೆ ಬೇರೆ ಕೈಚಲನೆ. ಸರಿಯಾದ ಕ್ರಿಯಾಪದ ಹಾಕಿದರೆ ಅರ್ಧ ವಿವರಣೆ ಅಲ್ಲಿಗೇ ಮುಗಿಯಿತು.

‘ಸಂಪೂರ್ಣವಾಗಿ’ ಎಂದರೆ ಎಷ್ಟು ಆಳ? ಅದನ್ನು ಅಳತೆಯಲ್ಲಿ ಹೇಳಬೇಕು. ಟೈಲ್ಸ್ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟು ಆಳಕ್ಕೆ ಕೆರೆಯುವುದು ವಾಡಿಕೆ. 8 ಮಿಲಿಮೀಟರ್ ಟೈಲ್ಸ್ ಆದರೆ ಸುಮಾರು 5 ಮಿಲಿಮೀಟರ್. ಹಳೆಯದರ ಮೇಲೆ ತೆಳ್ಳಗೆ ಬಳಿದರೆ ಹೊಸದು ಹಿಡಿಯದೆ ಚಕ್ಕೆಯಾಗಿ ಏಳುತ್ತದೆ. ನೀವು ಆಳ ಹೇಗೆ ನೋಡಿದಿರಿ? ಬ್ಲೇಡಿಗೆ ಗುರುತು ಹಾಕಿಕೊಂಡಿದ್ದಿರಾ? ಅದನ್ನು ಬರೆಯಿರಿ.

‘ಸಮಯ ಉಳಿಸಲು ಗ್ರೈಂಡರ್ ಬಳಸಬಹುದು’ ಎಂಬ ಸಾಲನ್ನೂ ತೆಗೆಯಿರಿ, ಅಥವಾ ಬಳಸಿದವರನ್ನು ಕೇಳಿ ಸರಿಯಾಗಿ ಬರೆಯಿರಿ. ಅದು ಟೈಲ್ಸ್ ಕತ್ತರಿಸುವ ಕೈಯಂತ್ರ. ಸಣ್ಣ ಸಂದಿನಲ್ಲಿ ಅದರ ತಿರುಗುವ ಚಕ್ರ ಒಂದು ಕೂದಲಷ್ಟು ಜಾರಿದರೂ ಟೈಲ್ಸ್ ಅಂಚು ಹೋಗುತ್ತದೆ. ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಎನ್95 ಮಾಸ್ಕ್, ಕನ್ನಡಕ ಎರಡೂ ಬೇಕು. ನೀವು ಆಗಾಗ ನೀರು ಚಿಮುಕಿಸಿ ಕೆರೆದಿದ್ದೀರಿ. ಅದು ಒಳ್ಳೆಯ ಉಪಾಯ. ಆದರೆ ಏಕೆ ಎಂದು ಹೇಳಿಲ್ಲ.

ವೈಟ್ ಸಿಮೆಂಟ್ ವಿಷಯದಲ್ಲಿ ನನಗೆ ನಿಮ್ಮ ಜೊತೆ ಜಗಳವಿದೆ. ‘ಅಂಗಡಿಯ ಗ್ರೌಟ್ ಏಕೆ, ವೈಟ್ ಸಿಮೆಂಟ್ ಸಾಕು’ ಎನ್ನುತ್ತೀರಿ. ನಮ್ಮ ಮನೆಯಲ್ಲಿ ಟೈಲ್ಸ್ ಹಾಕಿದವರೂ ಹಾಗೇ ಹೇಳಿ ತುಂಬಿಸಿ ಹೋದರು. ವರ್ಷ ತುಂಬುವುದರೊಳಗೆ ಕೂದಲೆಳೆಯಂಥ ಬಿರುಕು ಬಂತು. ಆಮೇಲೆ ಪೊರಕೆಗೆ ಪುಡಿ ಬರತೊಡಗಿತು. ಬರೀ ಸಿಮೆಂಟ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಅಂಗಡಿಯ ಗ್ರೌಟ್‌ನಲ್ಲಿ ಅದನ್ನು ಕಡಿಮೆ ಮಾಡುವ ಪಾಲಿಮರ್ ಇರುತ್ತದೆ. 3 ಮಿಲಿಮೀಟರಿಗಿಂತ ಅಗಲದ ಸಂದಿಗೆ ಮರಳು ಸೇರಿದ ಗ್ರೌಟ್, ಅದಕ್ಕಿಂತ ಸಣ್ಣದಕ್ಕೆ ಮರಳಿಲ್ಲದ್ದು. ನಿಮ್ಮ ಸಂದಿನ ಅಗಲ ಎಷ್ಟು ಎಂದು ಎಂಟು ಪುಟದಲ್ಲಿ ಎಲ್ಲೂ ಇಲ್ಲ! ವೈಟ್ ಸಿಮೆಂಟ್ ನಿಮಗೆ ಬಾಳಿಕೆ ಬಂದಿದ್ದರೆ ಎಷ್ಟು ತಿಂಗಳಾಯಿತು ಎಂದು ಹೇಳಿ. ಓದುಗರೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ಕಲಸುವ ಹದಕ್ಕೆ ನೀವು ಕೊಟ್ಟ ಹೋಲಿಕೆ ‘ದೋಸೆ ಹಿಟ್ಟಿನಂತೆ’. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಅಷ್ಟು ತೆಳ್ಳಗೆ ಕಲಸಿದರೆ ನೀರು ಜಾಸ್ತಿಯಾಗಿ ಗ್ರೌಟ್‌ಗೆ ಶಕ್ತಿ ಇರುವುದಿಲ್ಲ, ಬಣ್ಣವೂ ಒಂದೇ ಸಮ ಬರುವುದಿಲ್ಲ. ಇಡ್ಲಿ ಹಿಟ್ಟಿಗಿಂತಲೂ ಗಟ್ಟಿ ಇರಬೇಕು. ಕರಣೆಯಲ್ಲಿ ಎತ್ತಿದರೆ ಸುರಿಯದೆ ನಿಲ್ಲಬೇಕು. ಇಂಥ ಬರಹದಲ್ಲಿ ಹೋಲಿಕೆಯೂ ಒಂದು ಅಳತೆಯೇ. ಓದುಗರು ಅದನ್ನು ನೋಡಿಯೇ ನೀರು ಹಾಕುತ್ತಾರೆ. ಹಾಗೇ, ತುಂಬಿದ ಗ್ರೌಟ್ ಒತ್ತಲು ಹಳೆ ಹವಾಯಿ ಚಪ್ಪಲಿ ಕತ್ತರಿಸಿ ಬಳಸಿದ್ದನ್ನು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ದಯವಿಟ್ಟು ಅದನ್ನು ಬೆಳೆಸಿ. ಸಂದಿಗೆ ಓರೆಯಾಗಿ ಎಳೆದಿರಾ, ಉದ್ದಕ್ಕೆ ಎಳೆದಿರಾ? ಉದ್ದಕ್ಕೆ ಎಳೆದರೆ ತುಂಬಿದ್ದೇ ಕಿತ್ತು ಬರುತ್ತದೆ. ಒರೆಸುವ ಸ್ಪಾಂಜಿಗೂ ಇದೇ ಮಾತು.

ಇನ್ನು ‘ಫ್ಯಾನ್ ಹಾಕಿ ಬೇಗ ಒಣಗಿಸಿ’. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಗಾರೆ ಕೆಲಸದವರು ಹೊಸ ಗೋಡೆಗೆ ದಿನಾ ನೀರು ಹೊಡೆದು ಕ್ಯೂರಿಂಗ್ ಮಾಡುವುದು ಅದಕ್ಕೇ. ಬೇಸಿಗೆಯಲ್ಲಿ ಗ್ರೌಟ್‌ಗೂ ಮರುದಿನದಿಂದ ಸ್ವಲ್ಪ ನೀರು ಚಿಮುಕಿಸುವುದು ಒಳ್ಳೆಯದು. ಒಂದು ದಿನ ಕಾಲಿಡಬಾರದು. ಮೂರು ದಿನ ಅಲ್ಲಿ ಸ್ನಾನ ಮಾಡದಿದ್ದರೆ ಇನ್ನೂ ಕ್ಷೇಮ. ಇಲ್ಲಿ ನನಗೆ ಒಂದು ಕುತೂಹಲ. ನಿಮ್ಮದು ಒಂದೇ ಬಚ್ಚಲಿನ ಮನೆ ಎಂದಿದ್ದೀರಿ. ಆ ಮೂರು ದಿನ ಮನೆಯವರೆಲ್ಲ ಎಲ್ಲಿ ಸ್ನಾನ ಮಾಡಿದರು? ನಿಮ್ಮ ಅಮ್ಮ ಏನೆಂದರು? ಈ ಕೆಲಸಕ್ಕೆ ಇಳಿಯುವ ಪ್ರತಿ ಮನೆಗೂ ಬರುವ ಕಷ್ಟ ಇದು. ನಿಮಗೆ ಅದರ ಉತ್ತರ ಗೊತ್ತು, ಆದರೆ ಬರೆದಿಲ್ಲ.

ಎಪಾಕ್ಸಿಯ, ಅಂದರೆ ಸಿಮೆಂಟ್ ಬದಲು ರಾಳದಿಂದ ಮಾಡಿದ ಗ್ರೌಟ್‌ನ ಪ್ಯಾರಾ ಡಬ್ಬಿಯ ಮೇಲಿನ ಬರಹದ ಹಾಗಿದೆ. ಬಳಸಿದವರು ಸಿಕ್ಕರೆ ಮಾತಾಡಿ ಬರೆಯಿರಿ, ಇಲ್ಲದಿದ್ದರೆ ಬೇಡ.

ಏಳನೇ ಪುಟದ ಭರವಸೆಯನ್ನು ಮಾತ್ರ ತಿದ್ದಲೇಬೇಕು. ‘ಇಷ್ಟು ಮಾಡಿದರೆ ಕೆಳಮನೆಗೆ ನೀರು ಸೋರುವುದು ನಿಲ್ಲುತ್ತದೆ.’ ಹಾಗೆ ಹೇಳಲು ಬರುವುದಿಲ್ಲ. ಸಿಮೆಂಟ್ ಗ್ರೌಟ್ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯುವುದು ಅದರಡಿಯ ವಾಟರ್‌ಪ್ರೂಫಿಂಗ್. ಸಂಕನ್ ಸ್ಲ್ಯಾಬ್, ಅಂದರೆ ಬಚ್ಚಲ ಜಾಗದಲ್ಲಿ ತಗ್ಗಿಸಿ ಹಾಕಿದ ಸ್ಲ್ಯಾಬ್, ಇರುವ ಮನೆಗಳಲ್ಲಿ ಆ ತಗ್ಗಿಗೆ ತುಂಬಿದ ಇಟ್ಟಿಗೆ ಚೂರುಗಳ ನಡುವೆ ನೀರು ನಿಂತು, ಕೆಳಗಿನ ಸೀಲಿಂಗ್‌ನಲ್ಲಿ ತೇವ ಕಾಣುತ್ತದೆ. ಕೆಲವೊಮ್ಮೆ ಸೋರುವುದು ನೆಲದ ನೀರು ಹೊರಹೋಗುವ ನಹನಿ ಟ್ರ್ಯಾಪ್ ಸುತ್ತಲಿಂದ ಅಥವಾ ಪೈಪಿನ ಜೋಡಣೆಯಿಂದ. ಯಾರೋ ನಿಮ್ಮ ಮಾತು ನಂಬಿ ವಾರವಿಡೀ ಕೆರೆದು, ಮತ್ತೆ ಸೋರಿದರೆ ಅವರಿಗೆ ಎಷ್ಟು ಬೇಸರವಾಗುತ್ತದೆ ಯೋಚಿಸಿ. ಕೆರೆಯುವ ಮೊದಲು ಪ್ರತಿ ಟೈಲ್ಸನ್ನೂ ನಾಣ್ಯದಿಂದ ತಟ್ಟಿ ನೋಡಲು ಹೇಳಿ. ಟೊಳ್ಳು ಸದ್ದು ಬಂದರೆ, ಅಲುಗಾಡಿದರೆ, ಗ್ರೌಟ್ ಹಾಕಿ ಪ್ರಯೋಜನವಿಲ್ಲ. ನೆಲ ಮತ್ತು ಗೋಡೆ ಸೇರುವ ಮೂಲೆಯಲ್ಲೂ ಅಷ್ಟೇ. ಅಲ್ಲಿ ಎರಡೂ ಸ್ವಲ್ಪ ಸ್ವಲ್ಪ ಸರಿಯುತ್ತಿರುತ್ತವೆ, ಗ್ರೌಟ್ ಬಿರಿಯುತ್ತದೆ. ಅಲ್ಲಿಗೆ ರಬ್ಬರಿನ ಹಾಗೆ ಬಾಗುವ ಸಿಲಿಕೋನ್ ಸೀಲಂಟ್ ಬೇಕು.

ನಿಮ್ಮ ಕೊನೆಯ ಪ್ಯಾರಾದ ಮೊದಲ ಸಾಲು: ‘ಅಮ್ಮ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ನಿಂತು, ಹೆಬ್ಬೆರಳಿನಿಂದ ಒಂದು ಸಂದನ್ನು ಮುಟ್ಟಿ ನೋಡಿದರು.’ ಅಲ್ಲಿಗೆ ನಿಲ್ಲಿಸಿ. ಅದರ ಕೆಳಗಿನ ‘ಪರಿಶ್ರಮದ ಫಲ’ದ ಐದು ಸಾಲು ಬೇಡ.

ಮತ್ತೆ ಬರೆಯಲು ಒಂದು ತಿಂಗಳು ತೆಗೆದುಕೊಳ್ಳಿ. 1,200 ಪದ ಸಾಕು. ಆ ಬ್ಲೇಡ್ ಇನ್ನೂ ಇದ್ದರೆ ಫೋಟೋ ತೆಗೆದು ಕಳಿಸಿ, ಪಂಚೆಯ ತುಂಡು ಸುತ್ತಿದ ಹಾಗೇ ಇರಲಿ.

ಒಂದು ಕೆಲಸ ಮಾತ್ರ ಇವತ್ತೇ ಆಗಬೇಕು. ಆರನೇ ಪುಟದ ಆ ಎರಡು ಸಾಲು ಅಳಿಸಿ. ಈ ಲೇಖನವನ್ನು ಸ್ನೇಹಿತರಿಗೂ ಓದಲು ಕೊಟ್ಟಿದ್ದೇನೆ ಎಂದು ಬರೆದಿದ್ದಿರಿ. ಅವರಿಗೆಲ್ಲ ಫೋನ್ ಮಾಡಿ, ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಬೇಡಿ ಎಂದು ಹೇಳಿ.

ಪ್ರೀತಿಯಿಂದ,
ಸಂಪಾದಕಿ