ದೇಶದ ಹೊಗೆಯ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: ಎಂ.ಎಸ್ಸಿ ಪ್ರಾಜೆಕ್ಟ್‌ಗಾಗಿ ದೇಶದ ವಾಯುಮಾಲಿನ್ಯದ ವಲಯವಾರು ಲೆಕ್ಕಪಟ್ಟಿ ಮಾಡುತ್ತಿದ್ದೇನೆ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್ ಲೆಕ್ಕ ಯಾವ ಮೂಲದಿಂದ ಮಾಡಿದರೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ದೂಳಿನ ಅಂಕಿ ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಉರಿಸಿದ ಕಲ್ಲಿದ್ದಲು ಅಷ್ಟೇ ಇರುವಾಗ ಹೀಗೇಕೆ?

ಉತ್ತರ: ಗಂಧಕದ್ದು ಬರೀ ತೂಕದ ಲೆಕ್ಕ. ಒಂದು ಟನ್ ಕಲ್ಲಿದ್ದಲಿನಲ್ಲಿ ಶೇ 0.5ರಷ್ಟು ಗಂಧಕವಿದ್ದರೆ ಅದು 5 ಕೆ.ಜಿ. ಉರಿಯುವಾಗ ಅಷ್ಟೇ ತೂಕದ ಆಮ್ಲಜನಕ ಸೇರಿಕೊಂಡು 10 ಕೆ.ಜಿ. ಡೈಆಕ್ಸೈಡ್ ಆಗುತ್ತದೆ. ಚೂರುಪಾರು ಬೂದಿಯಲ್ಲಿ ಉಳಿಯುತ್ತದೆ, ಎಫ್‌ಜಿಡಿ, ಅಂದರೆ ಹೊಗೆಯಿಂದ ಗಂಧಕ ತೆಗೆಯುವ ಸಾಧನ, ಇಲ್ಲದ ಸ್ಥಾವರದಲ್ಲಿ ಮಿಕ್ಕಿದ್ದೆಲ್ಲ ಚಿಮಣಿಯಿಂದ ಹೊರಗೆ. (ಇದೇ ಸೂತ್ರವನ್ನು ಸಿಮೆಂಟ್ ಗೂಡಿಗೆ ಹಚ್ಚಬೇಡಿ. ಅಲ್ಲಿ ಸುಣ್ಣವು ಗಂಧಕವನ್ನು ಹಿಡಿದು ಕ್ಲಿಂಕರ್‌ಗೇ (ಸಿಮೆಂಟ್ ಆಗುವ ಸುಟ್ಟ ಗಟ್ಟಿಗೆ) ಸೇರಿಸಿಬಿಡುತ್ತದೆ. ಗಂಧಕ ಹೆಚ್ಚಿರುವ ಪೆಟ್‌ಕೋಕ್ (ತೈಲ ಶುದ್ಧೀಕರಣದಲ್ಲಿ ಉಳಿಯುವ ಇಂಧನ) ಉರಿಸುವ ಗೂಡುಗಳಿಗೆ ಈ ಸೂತ್ರ ಹಚ್ಚಿದರೆ ಅಂಕಿ ಹುಚ್ಚಾಪಟ್ಟೆ ಏರುತ್ತದೆ.)

ದೂಳಿನ ಲೆಕ್ಕ ನಿಂತಿರುವುದು ಇಎಸ್‌ಪಿ, ಅಂದರೆ ಚಿಮಣಿಗೆ ಹೋಗುವ ಮುನ್ನ ವಿದ್ಯುತ್ ಸೆಳೆತದಿಂದ ಬೂದಿ ಹಿಡಿಯುವ ಸಾಧನ, ಎಷ್ಟನ್ನು ಬಿಟ್ಟುಬಿಡುತ್ತದೆ ಎಂಬುದರ ಮೇಲೆ. ಶೇ 35ರಷ್ಟು ಬೂದಿಯಿರುವ ಒಂದು ಟನ್ ಕಲ್ಲಿದ್ದಲಿನಿಂದ 350 ಕೆ.ಜಿ. ಬೂದಿ ಬರುತ್ತದೆ. ಅದರಲ್ಲಿ ಶೇ 80 ಹಾರುಬೂದಿ ಎಂದರೆ 280 ಕೆ.ಜಿ. ಇಎಸ್‌ಪಿ ಶೇ 99.8ರಷ್ಟು ಹಿಡಿದರೆ ಹೊರಬೀಳುವುದು 560 ಗ್ರಾಂ. ಶೇ 99.5 ಎಂದುಕೊಂಡರೆ 1.4 ಕೆ.ಜಿ. ಸಾಮರ್ಥ್ಯದ ಅಂಕಿಯಲ್ಲಿ ಶೇ 0.3ರ ವ್ಯತ್ಯಾಸ, ಫಲಿತಾಂಶದಲ್ಲಿ ಎರಡೂವರೆ ಪಟ್ಟು! ತಯಾರಕರು ಕೊಟ್ಟ ಅಂಕಿಯನ್ನು ನಂಬಿ ಕೂರುವುದೂ ಸರಿಯಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅದರ ಬೂದಿಗೆ ವಿದ್ಯುತ್ ರೋಧ ಜಾಸ್ತಿ, ಆದ್ದರಿಂದ ಇಎಸ್‌ಪಿಗೆ ಹಿಡಿಯುವುದು ಕಷ್ಟ. ಅದರ ಒಂದು ಫೀಲ್ಡ್ (ಬೂದಿ ಹಿಡಿಯುವ ವಿಭಾಗ) ಕೆಟ್ಟು ನಿಂತರಂತೂ ಕೇಳುವುದೇ ಬೇಡ.

ಆದ್ದರಿಂದ ಇನ್ನೊಂದು ದಾರಿಯಿಂದಲೂ ತಾಳೆ ನೋಡಿ. ನಮ್ಮ ಕಲ್ಲಿದ್ದಲು ಒಂದು ಟನ್ ಉರಿದರೆ, ಹೊಗೆಯಲ್ಲಿ ಶೇ 6 ಆಮ್ಲಜನಕವಿದೆ ಎಂಬ ಸಮಾನ ಅಳತೆಗೆ ಹೊಂದಿಸಿದಾಗ, ಸುಮಾರು 6,000 ಘನ ಮೀಟರ್ ಒಣ ಅನಿಲ ಹೊರಡುತ್ತದೆ. 2015ರ ನಿಯಮದಂತೆ 2004ರಿಂದ 2016ರೊಳಗೆ ಸ್ಥಾಪಿಸಿದ ಘಟಕಗಳ ಮಿತಿ ಘನ ಮೀಟರಿಗೆ 50 ಮಿ.ಗ್ರಾಂ. ಅಂದರೆ ಟನ್ನಿಗೆ 300 ಗ್ರಾಂ. ಮೇಲಿನ 1.4 ಕೆ.ಜಿ.ಯನ್ನು ಆ 6,000ದಿಂದ ಭಾಗಿಸಿದರೆ ಘನ ಮೀಟರಿಗೆ 230 ಮಿ.ಗ್ರಾಂ ದಾಟುತ್ತದೆ. ಒಂದೋ ಆ ಸ್ಥಾವರ ನಿಯಮ ಮೀರುತ್ತಿದೆ, ಇಲ್ಲವೇ ನಿಮ್ಮ ಗುಣಾಂಕ, ಅಂದರೆ ಇಷ್ಟು ಇಂಧನಕ್ಕೆ ಇಷ್ಟು ಮಾಲಿನ್ಯ ಎಂಬ ಅಂಕಿ, ತಪ್ಪು. ಪಿಎಂ 2.5ರ (2.5 ಮೈಕ್ರಾನಿಗಿಂತ ಸಣ್ಣ ಕಣಗಳ) ಪಾಲನ್ನು ತೆಗೆಯುವಾಗ ಇಎಸ್‌ಪಿ ದಾಟಿದ ನಂತರದ ಪ್ರಮಾಣವನ್ನೇ ಬಳಸಿ. ದಪ್ಪ ಕಣಗಳು ಸಿಕ್ಕಿಬೀಳುವುದರಿಂದ ಹೊರಬರುವ ದೂಳಿನಲ್ಲಿ ಸಣ್ಣ ಕಣಗಳ ಪಾಲು ಹೆಚ್ಚಿರುತ್ತದೆ.

ಪ್ರಶ್ನೆ: ವಾಹನಗಳಿಗೆ ಆರ್‌ಟಿಒ ನೋಂದಣಿ ಸಂಖ್ಯೆಯನ್ನೇ ತೆಗೆದುಕೊಂಡರೆ ಸಾಕೇ?

ಉತ್ತರ: ಸಾಲದು. ಗುಜರಿಗೆ ಹೋದ ಸ್ಕೂಟರ್‌ಗಳ ಹೆಸರನ್ನು ಯಾರೂ ದಫ್ತರದಿಂದ ತೆಗೆಸಿರುವುದಿಲ್ಲ. ವಾಹನಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ಇನ್ನೂ ಓಡುತ್ತಿರುವ ಪಾಲನ್ನು ಪೆಟ್ರೋಲ್ ಬಂಕ್ ಸಮೀಕ್ಷೆಯಿಂದ ಅಂದಾಜು ಮಾಡಿ. ಆಮೇಲೆ ವಾಹನ ಸಂಖ್ಯೆ, ವರ್ಷಕ್ಕೆ ಓಡುವ ಕಿಲೋಮೀಟರ್, ಕಿಲೋಮೀಟರಿಗೆ ಬೇಕಾದ ಇಂಧನ ಮೂರನ್ನೂ ಗುಣಿಸಿ, ದೇಶದಲ್ಲಿ ಮಾರಾಟವಾದ ಇಂಧನದ ಜೊತೆ ಹೋಲಿಸಿ. ಪೆಟ್ರೋಲಿನಿಂದ ಶುರುಮಾಡಿ, ಅದು ಬಹುತೇಕ ರಸ್ತೆಯಲ್ಲೇ ಉರಿಯುತ್ತದೆ. ಡೀಸೆಲ್ ಹಾಗಲ್ಲ, ಟ್ರ್ಯಾಕ್ಟರ್, ಪಂಪ್‌ಸೆಟ್, ಜನರೇಟರ್‌ಗಳಿಗೂ ಹೋಗುತ್ತದೆ. ದಶಕದ ಹಿಂದೆ ಪೆಟ್ರೋಲಿಯಂ ಸಚಿವಾಲಯದ ಅಂಕಿಅಂಶ ಘಟಕವಾದ ಪಿಪಿಎಸಿ ಮಾಡಿಸಿದ ಸಮೀಕ್ಷೆಯಲ್ಲಿ ಸಾರಿಗೆಯ ಪಾಲು ಸುಮಾರು ಶೇ 70 ಇತ್ತು. ಮಾರಿದ ಡೀಸೆಲ್ಲನ್ನೆಲ್ಲ ಲಾರಿಗಳ ತಲೆಗೆ ಕಟ್ಟಿ, ಪಂಪ್‌ಸೆಟ್‌ಗೆ ಬೇರೆ ಲೆಕ್ಕ ಬರೆದರೆ ಅದೇ ಡೀಸೆಲ್ ಎರಡು ಸಲ ಉರಿದಂತೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಇಂಧನ ಬಂದಿದೆ, ಗಂಧಕದ ಮಿತಿ 10 ಪಿಪಿಎಂ. ನಿಮ್ಮ ಹಳೆಯ ಲೆಕ್ಕದ ಹಾಳೆಯಲ್ಲಿ ಬಿಎಸ್-4ರ 50 ಪಿಪಿಎಂ ಹಾಗೇ ಉಳಿದಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಗ್ಯಾಸ್ ಸಂಪರ್ಕವಿರುವ ಮನೆಗಳನ್ನು ಕಳೆದು, ಉಳಿದವರಿಗೆ ಮಾತ್ರ ಸೌದೆ ಲೆಕ್ಕ ಹಾಕಿದ್ದೇನೆ. ಸರಿಯೇ?

ಉತ್ತರ: ಸಂಪರ್ಕ ಇದ್ದಮಾತ್ರಕ್ಕೆ ಒಲೆ ಆರುವುದಿಲ್ಲ. ಸಿಲಿಂಡರ್ ಎಷ್ಟು ಸಲ ತುಂಬಿಸಿದರು ಎಂಬುದನ್ನು ನೋಡಬೇಕು. ಸಮೀಕ್ಷೆಗಳು ಕೇಳುವುದು ಸಾಮಾನ್ಯವಾಗಿ ‘ಅಡುಗೆಗೆ ಮುಖ್ಯ ಇಂಧನ ಯಾವುದು’ ಎಂದು. ಗ್ಯಾಸ್ ಎನ್ನುವ ಮಲೆನಾಡಿನ ಮನೆಯ ಬಚ್ಚಲಲ್ಲಿ ಹಂಡೆಯ ಕೆಳಗೆ ದಿನಾ ಸೌದೆ, ಅಡಿಕೆ ಸಿಪ್ಪೆ ಉರಿಯುತ್ತಿರುತ್ತದೆ. ಆ ಹೊಗೆ ಯಾವ ಕಾಲಂಗೂ ಬರುವುದಿಲ್ಲ. ಸ್ನಾನದ ನೀರಿಗೆ ಬೇರೆ ಸಾಲು ಬರೆಯಿರಿ.

ಗುಣಾಂಕ ಆರಿಸುವಾಗ ಅದನ್ನು ಹೇಗೆ ಅಳೆದರು ಎಂದು ಓದಿ. ಬಿಸಿ ಹೊಗೆಯಲ್ಲಿ ಆವಿಯಾಗಿದ್ದು, ತಣ್ಣಗಾದ ಮೇಲೆ ಕಣವಾಗುವ ಪದಾರ್ಥ ಸೌದೆಯಲ್ಲಿ ಬಹಳ. ಕೆಲವು ಗುಣಾಂಕಗಳಲ್ಲಿ ಅದು ಸೇರಿರುತ್ತದೆ, ಕೆಲವದರಲ್ಲಿ ಇಲ್ಲ. ಬೆರೆಸಿದರೆ ಹೋಲಿಕೆಯೇ ಕೆಡುತ್ತದೆ.

ಪ್ರಶ್ನೆ: ಅಂಕಿ ಸಿಗದ ಕಡೆ ಸೊನ್ನೆ ಹಾಕಬಹುದೇ?

ಉತ್ತರ: ಬೇಡ. ಗಡಿ ದಾಟುವ ವಾಯುಮಾಲಿನ್ಯದ ಬಗೆಗಿನ 1979ರ ಜಿನೀವಾ ಒಪ್ಪಂದದಲ್ಲಿ ಭಾರತ ಇಲ್ಲ. ಆದರೂ ಅಲ್ಲಿನ ವರದಿ ನಮೂನೆಯಿಂದ ಒಂದು ಪದ್ಧತಿಯನ್ನು ಎರವಲು ತರಬಹುದು. ಆ ಚಟುವಟಿಕೆಯೇ ಇಲ್ಲದಿದ್ದರೆ ‘ಎನ್‌ಒ’, ಇದ್ದೂ ಅಂದಾಜು ಮಾಡಿಲ್ಲವಾದರೆ ‘ಎನ್‌ಇ’, ಬೇರೆ ವಲಯದಲ್ಲಿ ಸೇರಿದ್ದರೆ ‘ಐಇ’. ‘ಐಇ’ ಬರೆದ ಮೇಲೆ ಎಲ್ಲಿ ಸೇರಿಸಿದ್ದೀರಿ ಎಂಬುದನ್ನೂ ಬರೆಯಲೇಬೇಕು. ಉಕ್ಕಿನ ಕಾರ್ಖಾನೆಯ ಸ್ವಂತ ವಿದ್ಯುತ್ ಘಟಕ ಎರಡು ಕಡೆ ಎಣಿಕೆಯಾಗುವುದು, ಇಲ್ಲವೇ ಎರಡೂ ಕಡೆ ಬಿಟ್ಟುಹೋಗುವುದು ಈ ಟಿಪ್ಪಣಿ ಇಲ್ಲದ್ದರಿಂದಲೇ.

ನೈಟ್ರೋಜನ್ ಆಕ್ಸೈಡ್‌ಗಳನ್ನು ಡೈಆಕ್ಸೈಡ್ ತೂಕದಲ್ಲೇ ಬರೆಯುವುದು ರೂಢಿ. 30 ಕೆ.ಜಿ. ಮಾನಾಕ್ಸೈಡ್ ಆದರೆ 46 ಎಂದು ಬರೆಯಬೇಕು. ಇನ್ನು ಯುರೋಪಿನ ಗುಣಾಂಕಗಳು ನಿವ್ವಳ ಶಾಖಮೌಲ್ಯದ (ನೀರಾವಿಯೊಂದಿಗೆ ಹೋಗುವ ಶಾಖ ಕಳೆದದ್ದು) ಮೇಲಿವೆ, ನಮ್ಮ ಕಲ್ಲಿದ್ದಲಿನ ದರ್ಜೆ ಒಟ್ಟು ಶಾಖಮೌಲ್ಯದ್ದು (ಅದನ್ನು ಕಳೆಯದೆ ಇರುವುದು). ಪರಿವರ್ತಿಸದೆ ಗುಣಿಸಿದರೆ ಕಲ್ಲಿದ್ದಲಿನಲ್ಲಿ ಸುಮಾರು ಶೇ 5, ನೈಸರ್ಗಿಕ ಅನಿಲದಲ್ಲಿ ಶೇ 10ರಷ್ಟು ಹೆಚ್ಚು ಬರುತ್ತದೆ. ಈ ವರ್ಷ ತಿದ್ದಿಕೊಂಡರೆ ಹಿಂದಿನ ಎಲ್ಲ ವರ್ಷಗಳನ್ನೂ ಅದೇ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿ. ಇಲ್ಲದಿದ್ದರೆ ಗ್ರಾಫಿನಲ್ಲಿ ಕಾಣುವ ಇಳಿಕೆ ನಿಮ್ಮ ತಿದ್ದುಪಡಿಯದ್ದಾಗಿರುತ್ತದೆ, ಗಾಳಿಯದ್ದಲ್ಲ.